ಕಾಕಾ ಆರಿಸಿಕೊಟ್ಟ ಸ್ವೇ ಬಾರ್

ಕಾಕಾನ ಹದಿಮೂರನೆಯ ದಿನದ ಊಟಕ್ಕೆ ಬಂದವರೆಲ್ಲ ಅವರ ತಾಳ್ಮೆಯನ್ನು ಹೊಗಳಿದರು. ಅವರ ಜೊತೆ ಕಾರ್ಖಾನೆಯಲ್ಲಿದ್ದವರು, ತಾರ್ನಾಕದ ನಮ್ಮ ಅಪಾರ್ಟ್‌ಮೆಂಟಿನವರು, ಬೀದರ್ ಕಡೆಯಿಂದ ಬಂದ ನೆಂಟರು, ಎಲ್ಲರ ಬಾಯಲ್ಲೂ ಒಂದೇ ಮಾತು: ಎಂಥ ತಾಳ್ಮೆಯ ಮನುಷ್ಯ. ನಾನು ಹೋಳಿಗೆಗೆ ತುಪ್ಪ ಹಾಕಿಸಿಕೊಂಡು ಸುಮ್ಮನೆ ಕೂತಿದ್ದೆ. ಅದು ಅವರ ತಾಳ್ಮೆಯಾಗಿರಲಿಲ್ಲ. ನನ್ನದಾಗಿತ್ತು. ಅವರು ಅದನ್ನು ಎಂಟು ತಿಂಗಳು ಖರ್ಚು ಮಾಡಿದರು, ಅಷ್ಟೇ.

ನಾನು ದಿನಾ ಡೈರಿ ಬರೆಯುವವಳು. ಎಂದು, ಎಲ್ಲಿ, ಎಷ್ಟು ಎಂದು ಬರೆದಿಡುವುದು ಚಿಕ್ಕಂದಿನ ಚಟ. ಆದ್ದರಿಂದ ಸಿಟ್ಟಿನಲ್ಲಿ ದೊಡ್ಡದು ಮಾಡಿ ಹೇಳುತ್ತಿಲ್ಲ. ಕಾರಿಗೆ ಒಂದು ಸರಳು ಆರಿಸಬೇಕಿತ್ತು. ಒಂದೇ ಒಂದು ಸರಳು. ಏಪ್ರಿಲ್‌ನಲ್ಲಿ ಶುರುವಾದ ಕೆಲಸ ನವೆಂಬರ್‌ನಲ್ಲಿ ಮುಗಿಯಿತು.

ಕಾರಿನ ವಿಷಯ ಮೊದಲು ಹೇಳಿಬಿಡುತ್ತೇನೆ. ಎರಡು ಬಾಗಿಲು, ಎರಡು ಸೀಟು, ಸ್ಪೀಡ್ ಬ್ರೇಕರಿಗೆ ಹೊಟ್ಟೆ ತಾಗುವಷ್ಟು ತಗ್ಗಾದ ಹಳೆಯ ಸ್ಪೋರ್ಟ್ಸ್ ಕಾರು. ಯಾರೋ ವಿದೇಶದಿಂದ ತಂದದ್ದು, ಮೂರು ಕೈ ದಾಟಿ ನನಗೆ ಬಂತು. ಸಿಕಂದರಾಬಾದಿನ ರೈಲ್ವೆ ಕಚೇರಿಯಿಂದ ಸಂಜೆ ಮನೆಗೆ ಬಂದ ಅಪ್ಪ ಅದರ ಸುತ್ತ ಒಂದು ಪ್ರದಕ್ಷಿಣೆ ಹಾಕಿ, "ಉಳಿದರ್ಧ ಎಲ್ಲೈತಿ?" ಎಂದು ಕೇಳಿದ್ದರು.

ಚಳಿಗಾಲಕ್ಕೊಮ್ಮೆ, ಊರ ಹೊರಗಿನ ರಿಂಗ್ ರೋಡಿನಾಚೆ ಒಂದು ಖಾಲಿ ಕಾಂಕ್ರೀಟು ಮೈದಾನದಲ್ಲಿ ಕಾರಿನ ಹುಚ್ಚಿನವರು ಸೇರುತ್ತೇವೆ. ಕಿತ್ತಳೆ ಬಣ್ಣದ ಪ್ಲಾಸ್ಟಿಕ್ ಕೋನುಗಳನ್ನು ಇಟ್ಟು ಅಂಕುಡೊಂಕಾದ ದಾರಿ ಮಾಡಿರುತ್ತಾರೆ. ಒಬ್ಬೊಬ್ಬರೇ ಓಡಿಸಬೇಕು. ಒಬ್ಬರಿಗೆ ಎರಡು ಅವಕಾಶ. ನಾನು ಎರಡು ಚಳಿಗಾಲ ಹೋಗಿದ್ದೆ, ಎರಡು ಸಲವೂ ಕೋನು ಕೆಡವಿ ಬಂದಿದ್ದೆ. ತಿರುವಿನಲ್ಲಿ ಕಾರು ದೋಣಿಯ ಹಾಗೆ ಹೊರಕ್ಕೆ ವಾಲುತ್ತಿತ್ತು, ಮೂತಿ ನಾನು ಹೇಳಿದ ಕಡೆ ಬರದೆ ಅಗಲಕ್ಕೆ ಹೋಗುತ್ತಿತ್ತು, ಅಲ್ಲೊಂದು ಕೋನು ಇರುತ್ತಿತ್ತು. ಆಮೇಲೆ ಸುದ್ದಿ ಬಂತು: ಆ ಮೈದಾನವನ್ನು ಸೈಟು ಮಾಡಿ ಮಾರುತ್ತಾರಂತೆ, ಬರುವ ಡಿಸೆಂಬರಿನ ಓಟವೇ ಕಡೆಯದಂತೆ. ಗೆಲ್ಲುವ ಆಸೆ ನನಗಿರಲಿಲ್ಲ. ಅಲ್ಲಿ ಒಮ್ಮೆಯಾದರೂ ಒಂದು ಕೋನನ್ನೂ ಮುಟ್ಟದೆ ಆ ದಾರಿ ಮುಗಿಸಬೇಕಿತ್ತು. ಉಳಿದದ್ದು ಒಂದೇ ಚಳಿಗಾಲ.

ಅದಕ್ಕೇ ಸ್ವೇ ಬಾರ್. ಕಾರಿನ ಹೊಟ್ಟೆಯ ಕೆಳಗೆ ಎಡಗಾಲಿಯಿಂದ ಬಲಗಾಲಿಗೆ ಅಡ್ಡವಾಗಿ ಕೂತಿರುವ, ಎರಡೂ ತುದಿ ಬಾಗಿದ ಉಕ್ಕಿನ ಸರಳು ಅದು. ಕಾರು ವಾಲಿದಾಗ ತಾನು ತಿರುಚಿಕೊಂಡು, ಇನ್ನಷ್ಟು ವಾಲದಂತೆ ತಡೆಯುತ್ತದೆ. ಮುಂದೊಂದು ಇರುತ್ತದೆ, ಹಿಂದೊಂದು. ಕಾರಿನ ಜೊತೆ ಬಂದವು ತೆಳು. ಬೇರೆಯವರು ದಪ್ಪನೆಯವನ್ನು ಮಾಡಿ ಮಾರುತ್ತಾರೆ. ಮುಂದಿನದು ಅತಿ ಬಿಗಿಯಾದರೆ ಮೂತಿ ತಿರುಗುವುದಿಲ್ಲ, ಹಿಂದಿನದು ಅತಿ ಬಿಗಿಯಾದರೆ ಬಾಲ ಜಾರುತ್ತದೆ. ಹೊರದೇಶದಿಂದ ತರಿಸಬೇಕು, ತಪ್ಪಾದರೆ ವಾಪಸು ತೆಗೆದುಕೊಳ್ಳುವುದಿಲ್ಲ. ಸಿಕಂದರಾಬಾದಿನ ನನ್ನ ಮಿಸ್ತ್ರಿಗೆ ಇದರಲ್ಲಿ ಯೋಚಿಸುವಂಥದ್ದೇನೂ ಕಾಣಲಿಲ್ಲ. "ಮೋಟಾ ರಾಡ್ ಡಾಲೋ ಮೇಡಂ, ಬಾತ್ ಖತಮ್," ಎಂದ. ದಪ್ಪ ರಾಡು ಹಾಕು, ಮಾತು ಮುಗಿಯಿತು.

ಅಲ್ಲಿಗೇ ಮುಗಿಯುತ್ತಿತ್ತು. ಆದರೆ ಮರುದಿನ ಬೆಳಿಗ್ಗೆ ನಾನು ಪಾರ್ಕಿಂಗಿನಲ್ಲಿ ಕಾರಿನ ಕೆಳಗೆ ಟಾರ್ಚು ಬಿಟ್ಟು ನೋಡುತ್ತಿದ್ದಾಗ ಮೂರನೆಯ ಮಹಡಿಯ ಕಾಕಾ ಪೇಪರು ತರಲು ಇಳಿದು ಬಂದರು.

ಕಾಕಾ ಎಂದರೆ ಸ್ವಂತ ಕಾಕಾ ಅಲ್ಲ. ನಮ್ಮದು ರಾಯಚೂರಿನ ಕಡೆ, ಅವರದು ಬೀದರಿನ ಕಡೆ; ಅಪಾರ್ಟ್‌ಮೆಂಟಿನಲ್ಲಿ ಕನ್ನಡದ ಮನೆಗಳು ಇವೆರಡೇ ಆದ್ದರಿಂದ ಅವರು ಕಾಕಾ, ಅವರ ಹೆಂಡತಿ ಕಾಕು. ರಕ್ಷಣಾ ಇಲಾಖೆಯ ಒಂದು ಕಾರ್ಖಾನೆಯಲ್ಲಿ ತಪಾಸಣೆ ವಿಭಾಗದ ಮುಖ್ಯಸ್ಥರಾಗಿ ನಿವೃತ್ತರಾಗಿದ್ದರು. ಬೇರೆಯವರು ಮಾಡಿದ್ದನ್ನು ಬೇಡ ಅನ್ನುವುದೇ ಜೀವಮಾನದ ಕೆಲಸ. ದೊಡ್ಡ ಆಳು. ಅವರು ಲಿಫ್ಟಿನಲ್ಲಿದ್ದರೆ ನಾವು ಒಳಗೆ ಕಾಲಿಡದೆ ಮುಂದಿನ ಸಲಕ್ಕೆ ಕಾಯುತ್ತಿದ್ದೆವು. ಯಾವ ಹೊಸ ವಸ್ತು ಕಂಡರೂ ಮೊದಲು ಅದರ ಅಂಚಿನ ಮೇಲೆ ಹೆಬ್ಬೆರಳನ್ನು ಮೆಲ್ಲಗೆ ಎಳೆದು, ಆಮೇಲೆ ಹೆಬ್ಬೆರಳನ್ನು ನೋಡಿಕೊಳ್ಳುತ್ತಿದ್ದರು. ವಸ್ತುವನ್ನಲ್ಲ, ಹೆಬ್ಬೆರಳನ್ನು.

ಅವತ್ತು ಕಾರಿನ ಬಾಗಿಲಿನ ಸಂದಿಯ ಮೇಲೆ ಹಾಗೆ ಎಳೆದು ಕೇಳಿದರು: "ಯಾರು ಪಾಸ್ ಮಾಡಿದ್ರವಾ ಇದನ್ನ?"

"ಕಂಪನಿಯವ್ರು ಮಾಡಿರಬೇಕ್ರಿ ಕಾಕಾ."

"ಹೂಂ. ಕೆಳಗೇನು ಹುಡುಕಾಕತ್ತಿ?"

"ಸ್ವೇ ಬಾರ್ ಬದಲಿ ಮಾಡಸ್ತೀನ್ರಿ. ತಿರುವಿನ್ಯಾಗ ಭಾಳ ವಾಲತೈತಿ."

"ಎಷ್ಟು ವಾಲತೈತಿ?"

"ಭಾಳ್ರಿ."

"ಭಾಳ ಅನ್ನೂದು ಅಳತಿ ಅಲ್ಲ. ಎಷ್ಟು ಐತಿ ಅಂತ ಗೊತ್ತಿಲ್ದ ಏನು ಕಡಿಮಿ ಮಾಡ್ತಿ?"

ನಾನು ನಕ್ಕೆ. ಅವರು ನಗಲಿಲ್ಲ. ಆ ಭಾನುವಾರ ಬೆಳಿಗ್ಗೆ ಆರಕ್ಕೆ ನಮ್ಮ ಬಾಗಿಲು ಬಡಿದರು. ಶರ್ಟಿನ ಜೇಬಿನಲ್ಲಿ ಪೆನ್ಸಿಲು, ಕೈಯಲ್ಲಿ ಯಾವುದೋ ಮಗುವಿನ ಕಂಪಾಸ್ ಬಾಕ್ಸಿನ ಕೋನಮಾಪಕ, ಹಿಂದೆ ನಿದ್ದೆಗಣ್ಣಿನ ಕಾಕು.

ವಿಶ್ವವಿದ್ಯಾಲಯದ ಆವರಣದಲ್ಲಿ ಬೇವಿನ ಮರಗಳ ನಡುವೆ ಎಡಕ್ಕೆ ಸುತ್ತುವ ಒಂದು ಉದ್ದನೆಯ ತಿರುವಿದೆ. ಕಾಕಾನ ಏರ್ಪಾಡು ಹೀಗೆ: ನಾನು ಕಾರು ಓಡಿಸಬೇಕು. ವೇಗದ ಮುಳ್ಳು ನಲವತ್ತು ದಾಟಬಾರದು, ನಲವತ್ತಕ್ಕೆ ಕಡಿಮೆಯೂ ಆಗಬಾರದು. ಮುಳ್ಳನ್ನು ನೋಡುವುದಕ್ಕೆ ಅವರು ಪಕ್ಕದಲ್ಲಿ ಕೂರಬೇಕು. ಕಾಕು ಆಟೋದಲ್ಲಿ ಬಂದು ತಿರುವಿನ ತುದಿಯಲ್ಲಿ ನಿಂತು, ಕಾರು ಎದುರಿಗೆ ಬಂದಾಗ ಫೋನಿನಲ್ಲಿ ಫೋಟೋ ತೆಗೆಯಬೇಕು. ಮನೆಗೆ ಬಂದು ಆ ಫೋಟೋದ ಮೇಲೆ ಕೋನಮಾಪಕ ಇಟ್ಟು, ರಸ್ತೆಯ ಗೆರೆಗೂ ಬಂಪರಿನ ಗೆರೆಗೂ ನಡುವಿನ ಓರೆಯನ್ನು ಅಳೆಯಬೇಕು.

"ಬಲಕ್ಕ ಸುತ್ತೂ ತಿರುವೂ ಒಂದು ಅಳದುಬಿಡೂಣ್ರಿ ಕಾಕಾ," ಎಂದೆ ಒಮ್ಮೆ.

"ತಡಿ. ಎರಡು ತಿರುವು ತಗೊಂಡ್ರ ಎರಡು ಲೆಕ್ಕ ಆಗತಾವ. ಒಂದು ಮುಗೀಲಿ."

ತಡಿ. ಈ ಶಬ್ದವನ್ನು ಅವರು ಒಂದು ಬೆಳಿಗ್ಗೆ ಎಷ್ಟು ಸಲ ಹೇಳುತ್ತಾರೆಂದು ಒಂದು ವಾರ ಗೀಟು ಹಾಕಿ ಎಣಿಸಿದೆ. ಹಾಳೆಯ ಅಂಚು ಸಾಲದೆ ಬಿಟ್ಟುಬಿಟ್ಟೆ.

ಅವರು ಕಾರಿಗೆ ಹತ್ತುವುದೇ ಒಂದು ಅಧ್ಯಾಯ. ಬಾಗಿಲಿಗೆ ಬೆನ್ನು ತಿರುಗಿಸಿ, ಮೆಲ್ಲಗೆ ಕುಸಿದು ಕೂತು, ಒಂದೊಂದೇ ಕಾಲನ್ನು ಕೈಯಿಂದ ಎತ್ತಿ ಒಳಗೆ ಇಟ್ಟುಕೊಳ್ಳುವರು. ಕೂತೊಡನೆ ಕಾರು ಎಡಕ್ಕೆ ಒಂದಿಷ್ಟು ತಗ್ಗುತ್ತಿತ್ತು. ಇಳಿಯುವಾಗ ಕಾಕು ಎರಡೂ ಕೈ ಹಿಡಿದು ಎಳೆಯಬೇಕು. ಬೆಳಗಿನ ನಡಿಗೆಗೆ ಬಂದ ಒಬ್ಬ ಹಿರಿಯರು ಪ್ರತಿ ವಾರ ನಿಂತು ಇದನ್ನು ನೋಡಿ, "ಏಮ್ಮಾ, ಮಳ್ಳೀ ವಚ್ಚಾರಾ?" ಎಂದು ಕೇಳಿಯೇ ಮುಂದೆ ಹೋಗುತ್ತಿದ್ದರು. ಹೌದು, ಮತ್ತೆ ಬಂದಿದ್ದೆವು.

ಏಪ್ರಿಲ್ ಪೂರ್ತಿ ಟೈರಿನ ಗಾಳಿಗೆ ಹೋಯಿತು. ಗಾಳಿ ಸರಿಯಿಲ್ಲದೆ ತೆಗೆದ ಅಳತೆ ಅಳತೆಯಲ್ಲವಂತೆ. ಮೇ ತಿಂಗಳಲ್ಲಿ, ಈಗಿರುವ ಸರಳನ್ನು ಹಿಡಿದಿರುವ ರಬ್ಬರ್ ಬುಷ್ಷುಗಳು ಹರಿದಿವೆಯೆಂದು ಮಿಸ್ತ್ರಿ ಹೇಳಿದ. ಸರಿ, ಹೊಸ ಸರಳಿನ ಜೊತೆ ಹೊಸ ಬುಷ್ಷು ಬರುತ್ತದಲ್ಲ ಎಂದೆ ನಾನು.

"ತಡಿ. ಎರಡೂ ಒಮ್ಮೆಲೆ ಬದಲಿ ಮಾಡಿದ್ರ, ಫರಕು ಬಿದ್ದದ್ದು ಯಾತರಿಂದ ಅಂತ ಹೆಂಗ ಹೇಳ್ತಿ?"

"ಯಾತರಿಂದರ ಆಗ್ಲಿ, ಫರಕು ಬಿದ್ರ ಸಾಕಲ್ರಿ!"

ಅವರು ನನ್ನನ್ನು ನೋಡಿದ ರೀತಿ ನೆನಪಿದೆ. ನಾನು ಅವರ ತಟ್ಟೆಯಲ್ಲಿ ಕೈ ತೊಳೆದಿದ್ದರೂ ಹಾಗೆ ನೋಡುತ್ತಿರಲಿಲ್ಲ.

ಹಳೆಯ ಸರಳಿಗೇ ಹೊಸ ಬುಷ್ಷು ಹಾಕಿಸಿದೆವು. ಮತ್ತೆ ಅಳೆದೆವು. ವಾಲುವುದು ಒಂಚೂರು ಕಡಿಮೆಯಾಗಿತ್ತು. ಕಾಕಾ ಖುಷಿಯಾದರು. ನಾನು ಆಗಲಿಲ್ಲ. ಜೂನ್ ಬಂದಿತ್ತು, ಮಳೆ ಬಂದಿತ್ತು, ಒದ್ದೆ ರಸ್ತೆಯ ಅಳತೆಯನ್ನು ಒಣ ರಸ್ತೆಯ ಅಳತೆಯ ಜೊತೆ ಹೋಲಿಸಬಾರದೆಂದು ಭಾನುವಾರಗಳು ರದ್ದಾದವು.

ಒಂದು ಸಲ ಡಿಕ್ಕಿಯಲ್ಲಿ ನನ್ನ ಛತ್ರಿ ಉಳಿದುಹೋಗಿತ್ತು. ಮೂರು ಸುತ್ತು ಮುಗಿದ ಮೇಲೆ ಅದು ಅವರ ಕಣ್ಣಿಗೆ ಬಿತ್ತು.

"ಇದು ಹ್ವಾದ ವಾರ ಇತ್ತೇನು?"

"ಇಲ್ರಿ."

"ಹಂಗಾದ್ರ ಇವತ್ತಿನ ಮೂರೂ ರದ್ದು."

"ಕಾಕಾ, ಛತ್ರಿರಿ ಅದು!"

"ತೂಕ ಐತಿಲ್ಲೋ?"

ದೂರದಲ್ಲಿ ಫೋನು ಹಿಡಿದು ನಿಂತಿದ್ದ ಕಾಕು ಕೂಗಿದರು: "ಆತೇನ್ರೀ? ಮನ್ಯಾಗ ಇಡ್ಲಿ ಹಿಟ್ಟು ಉಕ್ಕಿ ಕಟ್ಟಿಮ್ಯಾಲ ಬಂದಿರತೈತಿ!"

ಛತ್ರಿಯನ್ನು ಬೇವಿನ ಮರಕ್ಕೆ ಒರಗಿಸಿಟ್ಟು ಮತ್ತೆ ಮೂರು ಸುತ್ತು ಹೊಡೆದೆವು.

ಅವರ ಮನೆಯಲ್ಲಿ ಎಲ್ಲವೂ ಹೀಗೆಯೇ. ಕುಕ್ಕರಿನ ರಬ್ಬರ್ ರಿಂಗು ತರಲು ಸಿಕಂದರಾಬಾದಿಗೆ ಹೋದವರು ಸಿಕ್ಕ ಅಂಗಡಿಗಳನ್ನೆಲ್ಲ ಹತ್ತಿಳಿದು ಬರಿಗೈಯಲ್ಲಿ ಬಂದಿದ್ದರು. ಆ ವಾರವೆಲ್ಲ ಕಾಕು ಪಾತೇಲಿಯಲ್ಲಿ ಬೇಳೆ ಬೇಯಿಸಿದರು. ನಾನು ಅವರ ಮುಂದೆ ಕಾಕಾನ ಮೇಲೆ ದೂರು ಹೇಳಿದಾಗ ಅವರು ಬೆಳ್ಳುಳ್ಳಿ ಸುಲಿಯುತ್ತಲೇ ಹೇಳಿದ್ದು:

"ನಿಂದೇನು ಬಿಡು, ಸರಳು. ನನ್ನ ನೋಡಾಕ ನಾಕು ಸಲ ಬಂದಿದ್ರು. ನಾಕನೇ ಸಲ ನಮ್ಮಪ್ಪ ಉಪ್ಪಿಟ್ಟು ಮಾಡೂದು ಬ್ಯಾಡ, ಬರೇ ಚಾ ಕೊಡ್ರಿ ಅಂದ್ರು. ಏನಪಾ, ಹೂಂ ಅಂತಿಯೋ ಉಹೂಂ ಅಂತಿಯೋ ಅಂತ ಕೇಳಿದ್ರು. ಇವ್ರು ಏನಂದ್ರು ಹೇಳು?"

"ಏನಂದ್ರುರಿ?"

"ಬ್ಯಾಡ ಅನ್ನಾಕ ಏನೂ ಸಿಗಲಿಲ್ರಿ, ಅಂದ್ರು. ಮುಗೀತು. ಅದs ನನ್ನ ಮದುವಿ."

ಇದು ಸತ್ಯ. ಕಾಕಾನ ಬಾಯಿಂದ ಚೆನ್ನಾಗಿದೆ ಎಂಬ ಮಾತು ನಾನು ಕೇಳಿಲ್ಲ. ಕಾರ್ಖಾನೆಯಲ್ಲಿ ಅವರು ವಸ್ತುವನ್ನು ಒಪ್ಪುವ ಜನ ಅಲ್ಲ, ತಿರಸ್ಕರಿಸುವ ಜನ. ತಿರಸ್ಕರಿಸಲು ಏನೂ ಸಿಗದೆ ಹೋದರೆ ಅದು ತಾನೇ ಮುಂದೆ ಹೋಗುತ್ತಿತ್ತು. ಇಷ್ಟು ವರ್ಷ ಹಾಗೆ ಮಾಡಿದ ಮನುಷ್ಯನ ಕೈಗೆ ಆರಿಸುವ ಕೆಲಸ ಕೊಟ್ಟರೆ ಏನಾಗುತ್ತದೆ? ಆಗಸ್ಟ್ ಆಗುತ್ತದೆ.

ಆಗಸ್ಟಿನಲ್ಲಿ ನಮ್ಮ ಮುಂದೆ ಆರು ಸ್ವೇ ಬಾರುಗಳ ವಿವರವಿತ್ತು. ಟೊಳ್ಳು ಸರಳು, ಗಟ್ಟಿ ಸರಳು. ಮುಂದಿನದು ಮಾತ್ರ, ಹಿಂದಿನದು ಮಾತ್ರ, ಎರಡೂ ಕೂಡಿದ ಜೋಡಿ. ಬಿಗಿ ಹೆಚ್ಚುಕಡಿಮೆ ಮಾಡಲು ತುದಿಯಲ್ಲಿ ಮೂರು ತೂತು ಇರುವವು, ಒಂದೇ ತೂತಿನವು. ಕಾಕಾ ಒಂದೊಂದನ್ನೇ ಹೊರಗೆ ಹಾಕುತ್ತ ಬಂದರು. ಟೊಳ್ಳಿನದು ಬೇಡ, ಒಳಗೆ ತುಕ್ಕು ಹಿಡಿದರೆ ಕಾಣುವುದಿಲ್ಲ. ಜೋಡಿ ಬೇಡ, ಎರಡು ಬದಲಾವಣೆ. ಇನ್ನೊಂದು ಬೇಡ, ಅವರ ಚಿತ್ರದಲ್ಲಿ ಬೆಸುಗೆಯ ಗೆರೆ ಓರೆ ಇದೆ. ಚಿತ್ರದಲ್ಲಿ! ನಾನು ಲಿಂಗಂಪಲ್ಲಿಯ ಆಫೀಸಿನಿಂದ ಸಂಜೆಯ ಲೋಕಲ್ ರೈಲಿನಲ್ಲಿ ನಿಂತು ಬರುತ್ತಿದ್ದಾಗ ಫೋನು ಮಾಡಿ ಇದನ್ನು ಹೇಳಿದ್ದರು.

"ಕಾಕಾ, ಡಿಸೆಂಬರ್‌ನ್ಯಾಗ ಓಟ ಐತ್ರಿ. ಹಡಗಿನ್ಯಾಗ ಬರಬೇಕದು. ಈಗ ಹೇಳಿದ್ರ ಬರತೈತಿ, ಇಲ್ಲಂದ್ರ ಮೈದಾನಾನೂ ಇಲ್ಲ, ಓಟಾನೂ ಇಲ್ಲ."

"ಗೊತ್ತೈತಿ ತಂಗಿ. ಅದಕ್ಕs ಹೇಳಾಕತ್ತೀನಿ. ಒಂದs ಸಲ ತರಸೂದು. ತಪ್ಪಿದ್ರ ಎರಡನೇದಕ್ಕ ವ್ಯಾಳ್ಯಾ ಇಲ್ಲ."

ರೈಲಿನಲ್ಲಿ ಪಕ್ಕದ ಹೆಂಗಸು ನನ್ನ ಮುಖ ನೋಡಿ, ಮನೆಯಲ್ಲಿ ಎಲ್ಲ ಸರಿಯಿದೆಯೇ ಎಂದು ತೆಲುಗಿನಲ್ಲಿ ಕೇಳಿದರು.

ಕೊನೆಗೆ ಉಳಿದದ್ದು ಒಂದು: ಹಿಂದಿನ ಗಾಲಿಗಳಿಗೆ ಮಾತ್ರ ಹಾಕುವ, ಗಟ್ಟಿ ಉಕ್ಕಿನ, ತುದಿಯಲ್ಲಿ ಮೂರು ತೂತುಗಳ ಸರಳು. ಅದನ್ನು ಆರಿಸಿದೆವು ಎನ್ನಲಾರೆ. ಬೇಡ ಅನ್ನಲು ಅದರಲ್ಲಿ ಕಾಕಾನಿಗೆ ಏನೂ ಸಿಗಲಿಲ್ಲ. ಅವರ ಮನಸ್ಸು ಬದಲಾಗುವುದರೊಳಗೆ ತರಿಸಲು ಹೇಳಿಬಿಟ್ಟೆ. ನವೆಂಬರಿನಲ್ಲಿ ಬಂತು. ಕೆಂಪು ಬಣ್ಣದ್ದು. ಮಿಸ್ತ್ರಿ ಡಬ್ಬ ಬಿಚ್ಚಿ ಹೊರತೆಗೆದಾಗ ಕಾಕಾ ಅದರ ಬಾಗಿದ ತುದಿಯ ಮೇಲೆ ಹೆಬ್ಬೆರಳು ಎಳೆದು, ಹೆಬ್ಬೆರಳು ನೋಡಿಕೊಂಡು, ಏನೂ ಅನ್ನಲಿಲ್ಲ. ಮಿಸ್ತ್ರಿ ನನ್ನ ಕಡೆ ತಿರುಗಿ, "ಪಾಸ್?" ಎಂದು ಕಣ್ಣಲ್ಲೇ ಕೇಳಿದ. ನಾನು ಕೂಡಲೇ ಹಾಕು ಎಂದು ಕೈ ಮಾಡಿದೆ.

ಮೂರು ತೂತುಗಳಲ್ಲಿ ಎಲ್ಲಕ್ಕಿಂತ ಒಳಗಿನದು ಎಲ್ಲಕ್ಕಿಂತ ಬಿಗಿ, ತುದಿಯದು ಸಡಿಲು. ಮೂರನ್ನೂ ಮೂರು ಭಾನುವಾರ ಅಳೆದೆವು. ಬಿಗಿ ತೂತಿನಲ್ಲಿ ಕಾರು ಆ ಎಡತಿರುವನ್ನು ತಟ್ಟೆಯ ಹಾಗೆ ಸಪಾಟಾಗಿ ಸುತ್ತಿತು. ಮೂತಿ ಹೇಳಿದ ಕಡೆ ಬಂತು, ಬಾಲ ಜಾರಲಿಲ್ಲ. ಕೋನಮಾಪಕದ ಮೇಲೆ ಕಾಕಾನ ಪೆನ್ಸಿಲು ಬಹಳ ಹೊತ್ತು ನಿಂತಿತು. ನಾನು ಮತ್ತೊಂದು ತಡಿ ಬರುತ್ತದೆಂದು ಕಾಯುತ್ತಿದ್ದೆ.

"ಇದರಾಗ ಇರಲಿ," ಎಂದರು.

ಡಿಸೆಂಬರಿನ ಆ ಬೆಳಿಗ್ಗೆ ಮೈದಾನಕ್ಕೆ ನಾನು ಕಾರಿನಲ್ಲಿ ಹೋದೆ. ಅವರಿಬ್ಬರು ಕ್ಯಾಬಿನಲ್ಲಿ ಬಂದರು, ಡಬ್ಬದಲ್ಲಿ ಚಪಾತಿ, ಶೇಂಗಾ ಚಟ್ನಿ ಕಟ್ಟಿಕೊಂಡು. ಮೈದಾನದ ಅಂಚಿನಲ್ಲಿ ಆಗಲೇ ಸುಣ್ಣದ ಗೆರೆ ಎಳೆದು ಸೈಟುಗಳ ಕಲ್ಲು ನೆಟ್ಟಿದ್ದರು. ಕಾಕಾ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂರಲು ಹೋದರು. ಕಾಕು ಇನ್ನೊಂದು ಕುರ್ಚಿಯನ್ನು ಅದರೊಳಗೆ ಸೇರಿಸಿ ಎರಡು ಮಾಡಿಕೊಟ್ಟರು, ಒಂದು ತಡೆಯುವುದಿಲ್ಲವೆಂದು. ಓಟದಲ್ಲಿ ಕಾರಿನೊಳಗೆ ಒಬ್ಬರೇ ಇರಬೇಕು, ಅದು ನಿಯಮ.

ಮೊದಲ ಅವಕಾಶ. ಹೊರಟೆ. ಬಲತಿರುವು ಚೆನ್ನಾಗಿ ಬಂತು. ಅಂಕುಡೊಂಕು ಚೆನ್ನಾಗಿ ಬಂತು. ಆಮೇಲೆ ಎಡಕ್ಕೆ ಸುತ್ತುವ ದೊಡ್ಡ ತಿರುವು, ನಾವು ಎಂಟು ತಿಂಗಳು ಅಭ್ಯಾಸ ಮಾಡಿದಂಥದೇ. ಅರ್ಧ ಸುತ್ತಿದ್ದೆ. ತಿರುವಿನ ಒಳಬದಿಯ ಹಿಂದಿನ ಗಾಲಿ ನೆಲ ಬಿಟ್ಟ ಹಾಗಾಗಿ ಸುಮ್ಮನೆ ಗರಗರ ತಿರುಗಿತು, ಬಾಲ ಹೊರಕ್ಕೆ ಹಾರಿತು, ಆಕಾಶ, ಕುರ್ಚಿಗಳು, ಸೈಟಿನ ಕಲ್ಲುಗಳು ಒಂದರ ಹಿಂದೊಂದು ಕಣ್ಣ ಮುಂದೆ ಹೋದವು. ನಿಂತಾಗ ನಾನು ಬಂದ ದಾರಿಗೇ ಮುಖ ಮಾಡಿದ್ದೆ. ಬಂಪರಿನ ಕೆಳಗೆ ಎರಡು ಕೋನುಗಳಿದ್ದವು.

ಕಾರನ್ನು ತಂದು ಕಾಕಾನ ಕುರ್ಚಿಯ ಎದುರು ನಿಲ್ಲಿಸಿದೆ. ಬಾಗಿಲು ಹಾಕಿದ ಸದ್ದು ಮೈದಾನಕ್ಕೆಲ್ಲ ಕೇಳಿರಬೇಕು.

"ಎಂಟು ತಿಂಗಳ್ರಿ ಕಾಕಾ! ಎಂಟು ತಿಂಗಳು ಅಳದದ್ದು ಇದಕ್ಕೇನ್ರಿ? ಮಿಸ್ತ್ರಿ ಮಾತು ಕೇಳಿ ಏಪ್ರಿಲ್‌ನ್ಯಾಗ ಯಾವುದರ ಒಂದು ಹಾಕಿದ್ರೂ ಹಿಂಗs ಆಗತಿತ್ತು!"

ಅವರು ಎದ್ದು ನಿಂತಿದ್ದರು. ಸಿಟ್ಟಾಗಲಿಲ್ಲ. ಕಾರಿನ ಹಿಂದಿನ ಗಾಲಿಯನ್ನೇ ನೋಡುತ್ತ, "ಏನೋ ಬದಲಿ ಆಗೇತಿ," ಎಂದರು. "ಗಾಳಿ ಎಷ್ಟಿತ್ತು?"

"ಅಷ್ಟs ಐತ್ರಿ."

"ಪೆಟ್ರೋಲು?"

"ಅರ್ಧ ಟ್ಯಾಂಕಿ. ದಿನಾ ಇರೂವಷ್ಟು."

"ಡಿಕ್ಕಿ?"

"ಖಾಲಿ! ಛತ್ರಿ ಸೈತ ಇಲ್ಲ!"

"ಹಂಗಾದ್ರ ಬದಲಿ ಆಗಿದ್ದು ಏನು?"

ಕಾಕು ಚಪಾತಿ ಡಬ್ಬ ತೊಡೆಯ ಮೇಲಿಟ್ಟುಕೊಂಡು ಫೋನಿನಲ್ಲಿ ಹಳೆಯ ಫೋಟೋಗಳನ್ನು ಹಿಂದೆ ಮುಂದೆ ಸರಿಸುತ್ತಿದ್ದರು. ತಲೆ ಎತ್ತದೆ ಹೇಳಿದರು:

"ನೀವು ಒಳಗಿಲ್ಲಲ್ರಿ."

ಇಬ್ಬರೂ ಅವರ ಕಡೆ ತಿರುಗಿದೆವು.

"ಇಲ್ನೋಡ್ರಿ. ಎಲ್ಲಾ ಫೋಟೋದಾಗೂ ಎರಡು ತಲಿ ಅದಾವ. ಅಕೀದೊಂದು, ನಿಮ್ಮದೊಂದು. ಇವತ್ತ ಅಕೀದೊಂದs ಇತ್ತು. ಛತ್ರಿ ತಗಿ ಅಂದ್ರಿ. ನೀವೇನು ಛತ್ರಿಕಿಂತ ಹಗುರ ಅದೀರೇನು?"

ಎಡಕ್ಕೆ ಸುತ್ತುವ ತಿರುವು. ಕಾಕಾ ಕೂರುತ್ತಿದ್ದದ್ದು ಎಡಗಡೆ. ಪ್ರತಿ ಭಾನುವಾರವೂ ಒಳಗಿನ ಗಾಲಿಯ ಮೇಲೆ ಅವರ ಅಷ್ಟೂ ಭಾರ ಕೂತು ಅದನ್ನು ನೆಲಕ್ಕೆ ಒತ್ತಿ ಹಿಡಿದಿತ್ತು, ಕಾರು ವಾಲದಂತೆ ನೋಡಿಕೊಂಡಿತ್ತು. ನಾವು ಅಳೆದದ್ದು ಸ್ವೇ ಬಾರನ್ನಲ್ಲ, ಸ್ವೇ ಬಾರು ಮತ್ತು ಕಾಕಾನನ್ನು. ಅವರು ಕೂತಾಗ ಕಾರು ತಗ್ಗುವುದನ್ನು ಇಬ್ಬರೂ ಪ್ರತಿ ವಾರ ನೋಡಿದ್ದೆವು. ಅಳೆಯುವವರೇ ಅಳತೆಯೊಳಗೆ ಸೇರಿದ್ದು ಇಬ್ಬರಿಗೂ ಹೊಳೆದಿರಲಿಲ್ಲ.

ಕಾಕಾನ ಮುಖ ಆಗ ಹೇಗಿತ್ತೆಂದು ಬರೆಯಲು ನನಗೆ ಬರುವುದಿಲ್ಲ. ಎರಡು ಕುರ್ಚಿಗಳ ಮೇಲೆ ಮೆಲ್ಲಗೆ ಕೂತರು.

ನನಗೆ ಇನ್ನೊಂದೇ ಅವಕಾಶ ಉಳಿದಿತ್ತು. ಅರ್ಧ ಗಂಟೆಯ ಬಿಡುವು. "ಸಡಿಲ ತೂತಿಗೆ ಹಾಕ್ತೀನ್ರಿ ಕಾಕಾ," ಎಂದೆ. "ಜಾಕ್ ಇಸಗೊಂಡು ಬರ್ತೀನಿ. ಹತ್ತು ನಿಮಿಷದ ಕೆಲಸ."

"ಬ್ಯಾಡ."

"ಯಾಕ್ರಿ?"

"ನೀ ಒಬ್ಬಾಕಿ ಇರೂವಾಗ ಆ ತೂತಿನ್ಯಾಗ ಏನಾಗತೈತಿ ನಮಗ ಗೊತ್ತಿಲ್ಲ. ಪರೀಕ್ಷಾ ಆಗಿಲ್ಲ. ಮತ್ತ ಸುತ್ತಿ ಬಿದ್ರ?"

"ಇದs ಪರೀಕ್ಷಾರಿ! ಮುಂದಿನ ವರ್ಷ ಇಲ್ಲಿ ಮನಿ ಕಟ್ಟಿರ್ತಾರ. ಯಾರ ಅಡಗಿ ಮನ್ಯಾಗ ಓಡಸ್ಲಿ ನಾನು?"

"ಪರೀಕ್ಷಾ ಆಗಲಾರದ್ದಕ್ಕ ನಾ ಹೂಂ ಅನ್ನಂಗಿಲ್ಲ."

"ಅಕಿ ನಿಮ್ಮನ್ನ ಕೇಳಾಕತ್ತಿಲ್ರಿ," ಎಂದರು ಕಾಕು, "ಹೇಳಾಕತ್ತಾಳ."

ನಾನು ಜಾಕು ತಂದೆ. ಬಗ್ಗಿ ಒಂದು ಕಡೆಯ ನಟ್ಟು ಸಡಿಲಿಸುತ್ತಿದ್ದೆ. ಪಾನಾ ಜಾರುತ್ತಿತ್ತು. ಆಗ ಪಕ್ಕದಲ್ಲಿ ಕಾಂಕ್ರೀಟಿನ ಮೇಲೆ ದೊಡ್ಡದೊಂದು ಸದ್ದಾಯಿತು. ಕಾಕಾ ಮೊಣಕಾಲೂರಿ, ಆಮೇಲೆ ಒಂದು ಕೈ ಊರಿ, ಆಮೇಲೆ ಪೂರ್ತಿ ಮಲಗಿಬಿಟ್ಟಿದ್ದರು. ಇಸ್ತ್ರಿ ಮಾಡಿದ ಬಿಳಿ ಶರ್ಟು. ನನ್ನ ಕೈಯಿಂದ ಪಾನಾ ತೆಗೆದುಕೊಂಡು ಎರಡೂ ಕಡೆಯ ನಟ್ಟುಗಳನ್ನು ತಾವೇ ತುದಿಯ ತೂತಿಗೆ ಬಿಗಿದರು. ಬಿಗಿದ ಮೇಲೆ ಹೆಬ್ಬೆರಳಿಂದ ಮುಟ್ಟಿ ನೋಡಲಿಲ್ಲ. ಎಬ್ಬಿಸಲು ನಾನು, ಕಾಕು ಮತ್ತು ಪಕ್ಕದ ಕಾರಿನ ಇಬ್ಬರು ಬೇಕಾದರು.

ಎದ್ದು, ಶರ್ಟು ಜಾಡಿಸಿಕೊಳ್ಳದೆ, "ಹೂಂ," ಎಂದರು. "ಹೋಗು."

ಹೋದೆ. ಎಡತಿರುವು ಬಂದಾಗ ಕಾರು ಒಂಚೂರು ವಾಲಿತು, ಸಪಾಟಾಗಿ ಏನೂ ಇರಲಿಲ್ಲ. ಆದರೆ ನಾಲ್ಕೂ ಗಾಲಿ ನೆಲದ ಮೇಲಿದ್ದವು. ಮೂತಿ ಬಂತು. ಬಾಲ ಹಿಂದೆಯೇ ಬಂತು. ಕಡೆಯ ಎರಡು ಕೋನುಗಳ ನಡುವೆ ಹೊರಬಂದು ನಿಲ್ಲಿಸಿ, ಹಿಂದೆ ತಿರುಗಿ ನೋಡಿದೆ. ಎಲ್ಲ ಕೋನುಗಳೂ ನಿಂತಿದ್ದವು. ಸಮಯದಲ್ಲಿ ನಾನು ಪಟ್ಟಿಯ ಕೆಳಗಿನ ಅರ್ಧದಲ್ಲಿದ್ದೆ. ನನಗೆ ಬೇಕಾದದ್ದು ಸಿಕ್ಕಿತ್ತು.

ಓಡಿ ಬಂದು ಹೇಳಿದೆ. ಕಾಕು ಚಪಾತಿ ಸುರುಳಿ ಮಾಡಿ ನನ್ನ ಬಾಯಿಗೇ ಇಟ್ಟರು. ಕಾಕಾ ಕೇಳಿದ್ದು ಇಷ್ಟು: "ಬರೂ ಭಾನುವಾರ ಎಷ್ಟಕ್ಕ ಹೊರಡೂಣು? ನೀ ಒಬ್ಬಾಕೀನ ಕೂತಾಗಿನ ಅಳತಿ ನಮ್ಮ ಹತ್ರ ಒಂದೂ ಇಲ್ಲ."

ಓಟ ಮುಗಿದಿತ್ತು, ಮೈದಾನ ಮುಗಿದಿತ್ತು, ಸರಳು ಸರಿಯಾಗಿತ್ತು. ಇನ್ನೇಕೆ ಅಳತೆ ಎಂದು ನಾನು ಅತ್ತುಬಿಡುವುದೊಂದು ಬಾಕಿ.

ಅವರ ಸಹವಾಸದಿಂದ ನನಗಾದ ನಷ್ಟವನ್ನೂ ಹೇಳಬೇಕು. ಇವತ್ತಿಗೂ ನಾನು ಎರಡು ಸಂಗತಿಗಳನ್ನು ಒಟ್ಟಿಗೆ ಬದಲಿಸಲಾರೆ. ಶಾಂಪೂ ಬದಲಿಸಿದ ವಾರ ತಲೆಗೆ ಹಾಕುವ ಎಣ್ಣೆ ಹಳೆಯದೇ. ಆಫೀಸಿನಲ್ಲಿ ಎಲ್ಲರೂ ಸರಿ ಎಂದು ಎದ್ದ ಮೇಲೆ ನಾನೊಬ್ಬಳು, ತಡೀರಿ, ಎನ್ನುತ್ತೇನೆ. ಜನ ನಿಟ್ಟುಸಿರು ಬಿಡುವುದು ಕೇಳಿಸುತ್ತದೆ. ಆ ನಿಟ್ಟುಸಿರನ್ನು ನಾನು ಬಲ್ಲೆ, ಎಂಟು ತಿಂಗಳು ನಾನೇ ಬಿಟ್ಟದ್ದು.

ಆ ಭಾನುವಾರ ಹೋದೆವು. ಹೋಗದೆ ಬಿಡುವ ಜನವೇ? ಈ ಸಲ ಕಾಕಾ ಕಾರು ಹತ್ತುವ ಹಾಗಿರಲಿಲ್ಲ. ಕಾಕುವಿನ ಕೈಯಿಂದ ಫೋನು ಇಸಿದುಕೊಂಡು, ಯಾವಾಗಲೂ ಕಾಕು ನಿಲ್ಲುವ ಜಾಗದಲ್ಲಿ, ತಿರುವಿನ ತುದಿಯಲ್ಲಿ, ತಾವೇ ಹೋಗಿ ನಿಂತರು. ನಾನು ಮುಳ್ಳನ್ನು ನಲವತ್ತಕ್ಕೆ ತಂದು ತಿರುವಿಗೆ ಇಳಿದೆ. ಪಕ್ಕದ ಸೀಟು ಖಾಲಿ. ಅವರ ಎದುರಿನಿಂದ ಹಾದು ಹೋಗಿ, ಮುಂದೆ ತಿರುಗಿಸಿಕೊಂಡು ಬಂದು ಕಿಟಕಿ ಇಳಿಸಿದೆ.

"ಬಂತೇನ್ರಿ?"

"ಏನು?"

"ಫೋಟೋರಿ ಕಾಕಾ!"

ಅವರು ಕೈಯಲ್ಲಿದ್ದ ಫೋನನ್ನು ನೋಡಿದರು. ಅದು ಎದೆಯ ಹತ್ತಿರವೇ ಇತ್ತು.

"ಒತ್ತಲಿಲ್ಲ ನೋಡವಾ," ಎಂದರು. "ಈ ತಿರುವಿನ್ಯಾಗ ಹೊರಗಿಂದ ನಾ ಇದನ್ನ ನೋಡೇ ಇರಲಿಲ್ಲ. ಮತ್ತೊಮ್ಮೆ ಹೋಗಿ ಬಾ."

ಹಲ್ಲು ಕಚ್ಚಿಕೊಂಡು ಗೇರು ಹಾಕಿದೆ. ಅವತ್ತು ಆರು ಸುತ್ತು ಹಾಕಿಸಿದರು. ಒಂದು ಫೋಟೋವನ್ನೂ ತೆಗೆಯಲಿಲ್ಲ.